ಬೆರಳಕ್ಕನ ಹದಿನಾಲ್ಕು ಬಿರುಕು

ಆ ರೇಷ್ಮೆ ಗಿರಣಿಯಲ್ಲಿ ಮುನ್ನೂರು ಜನ ದುಡಿಯುತ್ತಿದ್ದರೂ ಕೈ ಅಂತ ಇದ್ದದ್ದು ಒಬ್ಬಳಿಗೇ. ಉಳಿದವರಿಗೆ ಇದ್ದದ್ದು ತೋಳಿನ ತುದಿ. ಹೀಗೆಂದು ಬೇರೆ ಯಾರೂ ಹೇಳಿದ್ದಲ್ಲ. ಬೆರಳಕ್ಕ ತಾನೇ ಹೇಳಿಕೊಂಡದ್ದು, ಅದೂ ಇಪ್ಪತ್ತಾರು ವರ್ಷಗಳಲ್ಲಿ ಹೆಚ್ಚೆಂದರೆ ಹತ್ತು ಸಾವಿರ ಸಲ. ಅದಕ್ಕಿಂತ ಜಾಸ್ತಿ ಹೇಳಿಕೊಳ್ಳಲು ಅವಳಿಗೆ ಸಂಕೋಚ.

ಅವಳ ಕೆಲಸ ನೋಡಲು ಸರಳ. ಮಗ್ಗದಿಂದ ಇಳಿದ ಬಟ್ಟೆಯ ಸುರುಳಿಯನ್ನು ತಪಾಸಣೆ ಕೋಣೆಯ ಉದ್ದನೆಯ ಮೇಜಿನ ಮೇಲೆ ಬಿಚ್ಚುತ್ತಾರೆ. ನೇಯ್ದವರು ಒಂದು ತುದಿ ಹಿಡಿದು ನಿಲ್ಲಬೇಕು. ಬೆರಳಕ್ಕ ಕಣ್ಣು ಮುಚ್ಚಿ, ಬಟ್ಟೆಯ ಮೇಲೆ ಅಂಗೈ ಆಡಿಸುತ್ತ, ಈ ತುದಿಯಿಂದ ಆ ತುದಿಗೆ ನಡೆಯುತ್ತಾಳೆ. ಎಲ್ಲಿ ಎಳೆ ತಪ್ಪಿದೆ, ಎಲ್ಲಿ ಗಂಟು ಉಬ್ಬಿದೆ, ಎಲ್ಲಿ ನೂಲು ಕಿತ್ತಿದೆ, ಕಣ್ಣಿಗೆ ಕಾಣದ್ದೆಲ್ಲ ಅವಳ ಬೆರಳ ತುದಿಗೆ ಬೆಣ್ಣೆಯೊಳಗಿನ ಕೂದಲಿನಂತೆ ಸಿಗುತ್ತಿತ್ತು. ದೋಷ ಸಿಕ್ಕಿದ ಜಾಗದಲ್ಲಿ ಅಂಚಿಗೊಂದು ಕೆಂಪು ದಾರ ಬೀಳುತ್ತಿತ್ತು. ಒಮ್ಮೆ ಹೀಗೇ ಸವರುತ್ತ ಹೋದವಳು ನಡುವೆ ನಿಂತು, ಇದನ್ನು ನೇಯುವಾಗ ಸೀನಿದವರು ಯಾರು ಎಂದು ಕೇಳಿದಳು. ಏಳನೇ ಮಗ್ಗದವನು ತಲೆ ತಗ್ಗಿಸಿ ಒಪ್ಪಿಕೊಂಡ. ಯಾವ ಹೊಳ್ಳೆಯಿಂದ ಸೀನಿದ್ದ ಎಂಬುದನ್ನೂ ಅವಳು ಹೇಳಿದಳೆಂದು ಕೆಲವರು ಸೇರಿಸುತ್ತಾರೆ. ಅದು ಉತ್ಪ್ರೇಕ್ಷೆ. ಎಷ್ಟು ಸಲ ಸೀನಿದ್ದ ಎಂಬುದನ್ನು ಮಾತ್ರ ಹೇಳಿದ್ದಳು.

ಆ ಕೋಣೆಗೆ ಒಂದೇ ಒಂದು ಕಟ್ಟಳೆ, ಅದನ್ನು ಹಾಕಿದವಳೂ ಬೆರಳಕ್ಕನೇ. ಜಿಡ್ಡು ಒಳಗೆ ಬರಕೂಡದು. ಎಣ್ಣೆ ಸೋಕಿದ ಕೈಯಿಂದ ರೇಷ್ಮೆ ಮುಟ್ಟುವುದು ಅವಳ ಪಾಲಿಗೆ ಕೊಲೆಗಿಂತ ಒಂದು ಗೇಣು ಮೇಲಿನ ಪಾಪ. ಕೊಲೆಯ ಕಲೆಯಾದರೂ ಒಗೆದರೆ ಹೋಗುತ್ತದೆ. ಆದ್ದರಿಂದ ಒಂದೊಂದು ಸುರುಳಿಗೂ ಮೊದಲು ಬಾಗಿಲ ಪಕ್ಕದ ಕೈತೊಟ್ಟಿಯಲ್ಲಿ ಕುದಿಯಲು ಒಂದೇ ಗುಳ್ಳೆ ಬಾಕಿಯಿದ್ದಂಥ ಬಿಸಿನೀರು ತುಂಬಿಸಿ, ಬಟ್ಟೆ ಒಗೆಯುವ ಸಾಬೂನಿನಿಂದ ಕೈ ಉಜ್ಜಿಕೊಳ್ಳುವಳು. ದಿನಕ್ಕೆ ಹದಿನೆಂಟು ಸುರುಳಿ, ಹದಿನೆಂಟು ಸ್ನಾನ. ಅಷ್ಟು ಶುದ್ಧವಾದ ಕೈ ಯಾವ ವೈದ್ಯನಿಗೂ ಇರಲಿಲ್ಲ, ಯಾವ ಕಳ್ಳನಿಗಂತೂ ಇರಲೇ ಇಲ್ಲ.

ಬೇಸಿಗೆಯಲ್ಲಿ ಇದೆಲ್ಲ ನಡೆಯಿತು. ಆಮೇಲೆ ಚಳಿಗಾಲ ಬಂತು.

ಚಳಿಗಾಲ ವರ್ಷ ವರ್ಷವೂ ಬರುತ್ತದೆ, ಆದರೆ ಆ ವರ್ಷ ಬಂದದ್ದು ಮೂರು ವರ್ಷದ ಬಾಕಿಯನ್ನೂ ಕಟ್ಟಿಕೊಂಡು ಬಂದಿತ್ತು. ನಲ್ಲಿಯ ನೀರು ಬೀಳುತ್ತಿರಲಿಲ್ಲ, ಹಿಡಿದು ಎಳೆಯಬೇಕಾಗಿತ್ತು. ಗಿರಣಿಯ ಗಡಿಯಾರದ ಎರಡು ಮುಳ್ಳುಗಳು ಬೆಚ್ಚಗಿರಲೆಂದು ಒಂದರ ಮೇಲೊಂದು ಮಲಗಿ ಮೂರು ದಿನ ಏಳಲಿಲ್ಲ. ಇನ್ನೂ ಮಧ್ಯಾಹ್ನ ಹನ್ನೆರಡೇ ಅಲ್ಲವೇ ಎಂದು ನೇಕಾರರು ಊಟದ ಡಬ್ಬಿ ಮುಚ್ಚಲೇ ಇಲ್ಲ. ಗಾಳಿ ಒಣಗಿ ಒಣಗಿ ಗರಿಗರಿಯಾಗಿತ್ತು. ಅಂಥ ಗಾಳಿಗೆ ಬಾಯಾರಿಕೆ ಹೆಚ್ಚು. ಎಲ್ಲಿ ಸ್ವಲ್ಪ ತೇವ ಕಂಡರೂ ಹೀರಿಬಿಡುತ್ತದೆ, ಅದು ಮನುಷ್ಯರ ಚರ್ಮ ಎಂದು ಮುಲಾಜು ನೋಡುವುದಿಲ್ಲ.

ಬೆರಳಕ್ಕನ ಕೈ ಮೊದಲು ಬೂದಿ ಬಳಿದಂತಾಯಿತು. ಆಮೇಲೆ ಒರಟಾಯಿತು. ಆಮೇಲೆ ಹೆಬ್ಬೆರಳ ಬದಿಯಲ್ಲಿ ಸಣ್ಣಗೆ ಬಾಯಿ ಬಿಟ್ಟಿತು, ಒಂದು ವಾರದೊಳಗೆ ಹತ್ತು ಬೆರಳಿಗೆ ಹದಿನಾಲ್ಕು ಬಿರುಕು. ಹದಿನಾಲ್ಕು ಬಾಯಿ ಇದ್ದರೂ ಒಂದಾದರೂ ಅವಳಿಗೆ ನಿಜ ಹೇಳಲಿಲ್ಲ. ಅವಳೂ ಕೇಳಲಿಲ್ಲ. ಗಿರಣಿಯಲ್ಲಿ ಕೈಯನ್ನು ಸೆರಗಿನಡಿ ಇಟ್ಟುಕೊಂಡು ಓಡಾಡಿದಳು, ಉರಿ ಹೆಚ್ಚಾದಷ್ಟೂ ನೀರು ಇನ್ನಷ್ಟು ಬಿಸಿ ಮಾಡಿಸಿದಳು. ಬಿಸಿ ತಾಗಿದ ಆ ಒಂದು ಗಳಿಗೆ ಸುಖವಾಗಿರುತ್ತಿತ್ತು. ಮರುಗಳಿಗೆ ಚರ್ಮ ಹಪ್ಪಳದ ಹಾಗೆ ಸೆಟೆದುಕೊಳ್ಳುತ್ತಿತ್ತು.

ಮನೆಯಲ್ಲಿ ಸೆರಗು ನಡೆಯುವುದಿಲ್ಲ, ಅಲ್ಲಿ ಅತ್ತೆ ಇದ್ದರು. ಅತ್ತೆಗೆ ಎಂಬತ್ತೆರಡು. ಅವರ ಕೆನ್ನೆ ಎಷ್ಟು ನುಣುಪೆಂದರೆ ಅಲ್ಲಿ ಕೂತ ನೊಣ ಜಾರಿ ಬಿದ್ದು ಕಾಲು ಉಳುಕಿಸಿಕೊಂಡದ್ದನ್ನು ನೋಡಿದವರಿದ್ದಾರೆ. ಪ್ರತಿ ವರ್ಷ ಚಳಿ ಶುರುವಾದ ದಿನದಿಂದ ಸೊಸೆಗೆ ಅವರದು ಒಂದೇ ಪಾಠ. ಸುಡುನೀರು ಬೇಡ, ಉಗುರುಬೆಚ್ಚಗೆ ಸಾಕು. ಕೈ ತಿಕ್ಕಿ ಒರೆಸಬೇಡ, ಒತ್ತಿ ಒರೆಸು. ತೇವ ಪೂರ್ತಿ ಆರುವ ಮೊದಲೇ ಏನಾದರೂ ಸವರು. ಬೆರಳಕ್ಕ ಇಪ್ಪತ್ತಾರು ವರ್ಷ ಈ ಪಾಠವನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿದ್ದಳು. ಅಮ್ಮನ ಮನೆಯಲ್ಲಿ ಇದನ್ನೇ ಕೇಳಿದ್ದರೆ ಚಿನ್ನದಂಥ ಮಾತು ಎನ್ನುತ್ತಿದ್ದಳೋ ಏನೋ. ಹಿತ್ತಲ ಗಿಡ ಯಾವತ್ತು ಮದ್ದಾಗಿದೆ.

ಗಂಡ ಬಸ್ಸಿನ ಚಾಲಕ. ಅವನ ಕೈಗೇನೂ ಆಗಿರಲಿಲ್ಲ, ಹಿಮ್ಮಡಿ ಮಾತ್ರ ಬರಗೆಟ್ಟ ಕೆರೆಯ ತಳದಂತೆ ಸೀಳಿತ್ತು. ಹಿಂದಿನ ಚಳಿಗಾಲ ಕಳೆದುಹೋದ ಅಂಗಿಯ ಗುಂಡಿಯೊಂದು ಈ ಚಳಿಗಾಲ ಅವನ ಹಿಮ್ಮಡಿಯಲ್ಲಿ ಸಿಕ್ಕಿತ್ತು.

ಇನ್ನು ಮೂರನೇ ಮಗ್ಗದವಳ ವಿಷಯ. ಗಿರಣಿಯಲ್ಲಿ ನೇಕಾರರನ್ನೆಲ್ಲ ಮಗ್ಗದ ಸಂಖ್ಯೆಯಿಂದಲೇ ಕರೆಯುವುದು ರೂಢಿ, ಹಾಗಾಗಿ ಈಕೆ ಬರೀ ‘ಮೂರನೇದು’. ತೆಳ್ಳನೆಯ ಎಡಚಿ ಹೆಣ್ಣು. ನಡೆದರೆ ನೆಲಕ್ಕೇ ಗೊತ್ತಾಗುತ್ತಿರಲಿಲ್ಲ. ಅವಳ ತಾಯಿ ಅದೇ ಗಿರಣಿಯ ನೂಲು ಸುತ್ತುವ ಕೋಣೆಯಲ್ಲಿ ಮೂವತ್ತು ವರ್ಷ ಕೂತು, ಒಂದು ದಿನವೂ ಮಗ್ಗ ಹತ್ತದೆ ಮನೆಗೆ ಹೋಗಿದ್ದಳು. ಮಗಳೂ ಆರು ವರ್ಷ ಅಲ್ಲೇ ನೂಲು ಸುತ್ತಿದ ಮೇಲೆ, ಈ ವರ್ಷ ಮೇಸ್ತ್ರಿ ಅವಳ ನುಣುಪು ಕೈ ನೋಡಿ ಮೂರನೇ ಮಗ್ಗ ಕೊಟ್ಟ. ಅದು ಅಂಥಿಂಥ ಮಗ್ಗವಲ್ಲ. ಉಳಿದವರು ಚಳಿಗಾಲದ ದಪ್ಪ ಬಟ್ಟೆ ನೇಯುತ್ತಿದ್ದರೆ, ಉಸಿರಿನಷ್ಟು ತೆಳುವಾದ ಬಿಳಿ ರೇಷ್ಮೆ ಇಳಿಯುತ್ತಿದ್ದದ್ದು ಆ ಒಂದೇ ಮಗ್ಗದಿಂದ. ಗಿರಣಿಯ ಇನ್ನೊಂದು ಕಾಯಿದೆಯೂ ಇತ್ತು: ಒಂದರ ಹಿಂದೆ ಒಂದರಂತೆ ಮೂರು ಸುರುಳಿಗೆ ಕೆಂಪು ದಾರ ಬಿದ್ದರೆ ನೇಯ್ದವರು ಮಗ್ಗ ಇಳಿದು ನೂಲು ಸುತ್ತಲು ಹೋಗಬೇಕು. ಹಾಗೆ ಇಳಿದವರು ಮತ್ತೆ ಹತ್ತಿದ ಚರಿತ್ರೆಯಿಲ್ಲ.

ಚಳಿ ಬಿದ್ದ ಮೂರನೇ ವಾರ ಅವಳ ಸುರುಳಿಗೆ ಮೊದಲ ಕೆಂಪು ದಾರ ಬಿತ್ತು. ಅಲ್ಲಲ್ಲಿ ಮೂರು ಮೂರು ಎಳೆ ಕಿತ್ತು ಮೇಲೆದ್ದಿದ್ದವು, ಒಂದರ ಪಕ್ಕ ಒಂದು, ಓರೆಯಾಗಿ. ಇದು ವಿಚಿತ್ರ. ಮಗ್ಗದ ತಪ್ಪು ಯಾವಾಗಲೂ ನೇರ; ಬಟ್ಟೆಯ ಉದ್ದಕ್ಕೆ ಹೋಗುತ್ತದೆ ಇಲ್ಲವೇ ಅಡ್ಡಕ್ಕೆ ಹೋಗುತ್ತದೆ. ಓರೆ ತಪ್ಪನ್ನು ಬೆರಳಕ್ಕ ಹುಟ್ಟಿದಾರಭ್ಯ ಕಂಡಿರಲಿಲ್ಲ. ಕಂಡಿಲ್ಲವೆಂದು ಒಪ್ಪಿಕೊಳ್ಳುವ ಬದಲು, ಈ ಹುಡುಗಿ ತಪ್ಪು ಮಾಡೋದಕ್ಕೂ ಹೊಸ ದಾರಿ ಕಂಡುಹಿಡಿದಿದ್ದಾಳೆ ಎಂದು ಇಡೀ ಕೋಣೆಗೆ ಕೇಳುವಂತೆ ಹೇಳಿದಳು. ಮೂರನೇದು ಸುರುಳಿಯ ತುದಿ ಹಿಡಿದು ನಿಂತಿದ್ದಳು. ಅವಳು ಬಟ್ಟೆಯನ್ನು ನೋಡಲಿಲ್ಲ, ಬೆರಳಕ್ಕನ ಕೈಯನ್ನು ನೋಡಿದಳು.

ಮರುದಿನ ಕೈತೊಟ್ಟಿಯ ಪಕ್ಕದಲ್ಲಿ ಒಂದು ಡಬ್ಬಿ ಕೂತಿತ್ತು. ಅಂಗೈಯಗಲದ ಗುಂಡು ತಗಡಿನ ಡಬ್ಬಿ, ಮೇಲೆ ಹೆಸರಿಲ್ಲ, ಮುಚ್ಚಳ ಬಿಗಿಯಾಗಲೆಂದು ಬಿಳಿ ದಾರ ಸುತ್ತಿ ಗಂಟು ಹಾಕಿದ್ದರು. ಮೂಸಿದರೆ ಜೇನುಮೇಣದ ವಾಸನೆ ಬಂತು. ಅಂದರೆ ಜಿಡ್ಡು. ತಪಾಸಣೆ ಕೋಣೆಯಲ್ಲಿ ಹುಲಿ ಕಂಡಿದ್ದರೂ ಬೆರಳಕ್ಕ ಅಷ್ಟು ಹೌಹಾರುತ್ತಿರಲಿಲ್ಲ. ಮುನ್ನೂರು ಜನರನ್ನೂ ಒಬ್ಬೊಬ್ಬರಾಗಿ ಕರೆದು ವಿಚಾರಣೆ ಮಾಡಿದಳು. ಮೇಸ್ತ್ರಿಯನ್ನು ಎರಡು ಸಲ. ಯಾರೂ ಒಪ್ಪಿಕೊಳ್ಳಲಿಲ್ಲ. ಕೊನೆಗೆ ಸಾಕ್ಷಿಗಿರಲೆಂದು ಡಬ್ಬಿಯನ್ನು ನಾಲ್ಕು ಕಾಗದದಲ್ಲಿ ಸುತ್ತಿ, ಹಾವು ಹಿಡಿದಂತೆ ದೂರ ಹಿಡಿದುಕೊಂಡು, ಮನೆಗೆ ಒಯ್ದು ಕಿಟಕಿಯ ಮೇಲಿಟ್ಟಳು.

ಸಾಕ್ಷಿಗೆ ಕಾವಲಿರಲಿಲ್ಲ. ಅತ್ತೆ ದಾರವನ್ನು ಗಂಟು ಬಿಚ್ಚದೆ ಹಾಗೇ ಜಾರಿಸಿ ತೆಗೆದು, ಔಷಧದ ಸೀಸೆಯೊಂದರ ಕುತ್ತಿಗೆಗೆ ಹಾಕಿಟ್ಟರು. ಅವರು ಯಾವುದನ್ನೂ ಬಿಸಾಡುವವರಲ್ಲ. ಆಮೇಲೆ ಮಗನನ್ನು ಕೂರಿಸಿ, ಕಾಲು ತೊಳೆಸಿ, ಹಿಮ್ಮಡಿಗೆ ಆ ಮುಲಾಮು ಬಳಿದು ಹತ್ತಿಯ ಕಾಲುಚೀಲ ಏರಿಸಿದರು. ಆರು ದಿನಕ್ಕೆ ಅವನ ಹಿಮ್ಮಡಿ ಮಗುವಿನ ಹಿಮ್ಮಡಿಯಾಯಿತು. ಏಳನೇ ದಿನ ಬಸ್ಸಿನ ಬ್ರೇಕು ಒತ್ತಿದರೆ ಕಾಲು ಜಾರುವಷ್ಟು ನುಣುಪಾಯಿತೆಂದು ಅವನು ದೂರು ಕೊಟ್ಟ. ಬೆರಳಕ್ಕ ಇದನ್ನೆಲ್ಲ ನೋಡಿದಳು. ಕಾಲಿನ ಮಾತು ಬೇರೆ, ಕೈಯ ಮಾತು ಬೇರೆ ಎಂದಳು. ಅದೇ ವಾರ ಮೂರನೇ ಮಗ್ಗದ ಮುಂದಿನ ಸುರುಳಿಯಲ್ಲೂ ಓರೆ ಗೆರೆಗಳು ಸಿಕ್ಕಿದವು. ಎರಡನೇ ಕೆಂಪು ದಾರ ಬಿತ್ತು. ಮೂರನೇ ಸುರುಳಿ ವಾರದ ರಜೆಯ ಮರುದಿನ ಮೇಜಿಗೆ ಬರುವುದಿತ್ತು.

ರಜೆಯ ದಿನ ಮಧ್ಯಾಹ್ನ ಅತ್ತೆ ಕುತ್ತಿಗೆಗೆ ಚಳಿಯಾಗುತ್ತಿದೆ ಎಂದು ತಮ್ಮ ರೇಷ್ಮೆ ವಸ್ತ್ರ ಕೇಳಿದರು. ಅದು ಬೆರಳಕ್ಕ ಗಿರಣಿಗೆ ಸೇರಿದ ವರ್ಷ ತಂದುಕೊಟ್ಟದ್ದು. ಅವಳು ಪಾಸು ಮಾಡಿದ ಮೊಟ್ಟಮೊದಲ ತೆಳು ಬಟ್ಟೆಯ ತುಂಡು, ಒಂದು ಎಳೆಯ ದೋಷವಿಲ್ಲದ್ದು. ಪ್ರತಿ ಚಳಿಗಾಲ ಅದನ್ನು ಪೆಟ್ಟಿಗೆಯಿಂದ ತೆಗೆಯುವಾಗ ಅವಳು ಕಣ್ಣು ಮುಚ್ಚಿ ಒಂದು ಸಲ ಸವರುತ್ತಿದ್ದಳು. ವರ್ಷಕ್ಕೊಮ್ಮೆ ತನಗೆ ತಾನೇ ಕೊಟ್ಟುಕೊಳ್ಳುವ ಬಹುಮಾನ ಅದು. ಈ ಸಲವೂ ಸವರಿದಳು. ಚರ್ ಎಂದು ಸಣ್ಣ ಸದ್ದು. ಕಣ್ಣು ಬಿಟ್ಟರೆ ಮೂರು ಎಳೆ ಎದ್ದು ನಿಂತಿವೆ, ಒಂದರ ಪಕ್ಕ ಒಂದು, ಓರೆಯಾಗಿ.

ಬೆರಳಕ್ಕನ ಮೊದಲ ಯೋಚನೆ ಏನೆಂದು ಹೇಳಿದರೆ ಯಾರೂ ನಂಬುವುದಿಲ್ಲ, ಆದರೆ ಅವಳು ಅದನ್ನು ಬಾಯಿಬಿಟ್ಟೇ ಹೇಳಿದಳು. “ಆ ಮೂರನೇದರ ಕೈ ಇಲ್ಲಿಗೂ ಹೇಗೆ ಬಂತು?”

ಆ ಬಟ್ಟೆ ನೇಯ್ದಾಗ ಆ ಹುಡುಗಿ ಅಂಬೆಗಾಲಿಡುತ್ತಿದ್ದಳು ಎಂಬ ಲೆಕ್ಕವನ್ನು ಅತ್ತೆ ಬಿಡಿಸಿ ಹೇಳಲಿಲ್ಲ. ಸೊಸೆಯ ಕೈ ಹಿಡಿದು ಬೆಳಕಿಗೆ ತಿರುಗಿಸಿದರು. ತೋರುಬೆರಳು, ನಡುಬೆರಳು, ಉಂಗುರ ಬೆರಳು. ಮೂರರ ತುದಿಯಲ್ಲೂ ಸೀಳಿದ ಚರ್ಮ ಮುಳ್ಳಿನಂತೆ ಎದ್ದಿತ್ತು. ಒಂದರ ಮುಳ್ಳಿನಲ್ಲಿ ವಸ್ತ್ರದ ಎಳೆ ಇನ್ನೂ ಸಿಕ್ಕಿಕೊಂಡಿತ್ತು.

“ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅಂತಾರೆ,” ಎಂದರು ಅತ್ತೆ. “ನಿನಗೆ ನನ್ನ ವಸ್ತ್ರವೇ ಬೇಕಾಯ್ತು ನೋಡು.”

ಬೆರಳಕ್ಕ ಪೆಟ್ಟಿಗೆಯ ಮೇಲೆ ಕೂತುಬಿಟ್ಟಳು. ಮೇಜಿನ ಮೇಲೆ ತನ್ನ ಅಂಗೈ ಹೇಗೆ ಚಲಿಸುತ್ತದೆ ಎಂಬುದು ಅವಳಿಗೆ ಗೊತ್ತಿರದೆ ಯಾರಿಗೆ ಗೊತ್ತು. ನೇರವಾಗಿ ಅಲ್ಲ, ಭುಜದಿಂದ ಹೊರಕ್ಕೆ, ಓರೆಯಾಗಿ. ದಪ್ಪ ಬಟ್ಟೆಗಳು ಆ ಮುಳ್ಳುಗಳನ್ನು ತಡೆದುಕೊಂಡಿದ್ದವು, ತೆಳು ರೇಷ್ಮೆ ತಡೆದುಕೊಳ್ಳಲಿಲ್ಲ. ತಪ್ಪು ಹುಡುಕುತ್ತ ಹೋದ ಬೆರಳೇ ತಪ್ಪು ಮಾಡುತ್ತ ಹೋಗಿತ್ತು, ಮಾಡಿದ್ದನ್ನು ಹಿಂದಿರುಗಿ ಹುಡುಕಿ ತೆಗೆದು, ಎಂಥ ಬೆರಳು ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡಿತ್ತು. ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಇವಳು ನೆಲವನ್ನು ತಾನೇ ಡೊಂಕು ಮಾಡಿ ಆ ಮಾತು ಹೇಳಿದ್ದಳು.

ಗಂಡ ವಿಷಯ ಕೇಳಿ ಸುಲಭದ ದಾರಿ ತೋರಿಸಿದ. ನಾಳೆಯ ಸುರುಳಿಯನ್ನು ಹಗುರವಾಗಿ ಮುಟ್ಟಿದಂತೆ ಮಾಡಿ ಬಿಟ್ಟುಬಿಡು, ಮೂರನೇ ದಾರ ಬೀಳುವುದಿಲ್ಲ, ಹುಡುಗಿಯ ಮಗ್ಗ ಉಳಿಯುತ್ತದೆ, ನಿನ್ನ ಹೆಸರೂ ಉಳಿಯುತ್ತದೆ, ಯಾರಿಗೆ ಗೊತ್ತಾಗುತ್ತದೆ. ಮಾತು ಬೆರಳಕ್ಕನಿಗೆ ಹಿಡಿಸಿತು. ಇಪ್ಪತ್ತಾರು ವರ್ಷದ ಹೆಸರು. ಹುಡುಗಿಯ ಹೆಸರಿನ ಮುಂದೆ ಎರಡು ಕೆಂಪು ದಾರ ಉಳಿದುಬಿಡುತ್ತವೆ ಎಂಬುದೊಂದು ಬಿಟ್ಟರೆ ಬೇರೇನೂ ತೊಂದರೆಯಿಲ್ಲ. ಎರಡು ತಾನೇ.

ಅಷ್ಟರಲ್ಲಿ ಅತ್ತೆ ಉಗುರುಬೆಚ್ಚಗಿನ ನೀರಿನ ಬೋಗುಣಿ ತಂದಿದ್ದರು. ಸೊಸೆ ಈ ಸಲ ಚಕಾರ ಎತ್ತಲಿಲ್ಲ. ಕೈ ನೆನೆಸಿ, ಮೆತ್ತನೆಯ ಬಟ್ಟೆಯಲ್ಲಿ ಒತ್ತಿ ಒತ್ತಿ ಒರೆಸಿ, ತೇವ ಆರುವ ಮೊದಲೇ ಡಬ್ಬಿಯ ಮುಲಾಮನ್ನು ಒಂದೊಂದು ಬಿರುಕಿಗೂ ತುಂಬಿದರು, ಗೋಡೆಯ ಸೀಳಿಗೆ ಗಾರೆ ತುಂಬುವಂತೆ. ಹದಿನಾಲ್ಕೂ ಬಾಯಿ ಒಂದೊಂದಾಗಿ ಸುಮ್ಮನಾದವು. ಎಷ್ಟೋ ದಿನಗಳ ಮೇಲೆ ಬೆರಳ ತುದಿ ಚುರುಗುಟ್ಟಲಿಲ್ಲ. ಬೆರಳಕ್ಕನ ಕಣ್ಣಲ್ಲಿ ನೀರು ಬಂತು. ಮುಲಾಮಿನ ಘಾಟು ಎಂದಳು. ಜೇನುಮೇಣಕ್ಕೆ ಘಾಟಿಲ್ಲ.

“ಇದನ್ನ ಮಾಡಿದೋರ ಕೈ ತಣ್ಣಗಿರಲಿ,” ಎನ್ನುತ್ತ ಅತ್ತೆ ಡಬ್ಬಿ ಮುಚ್ಚಿದರು. ಮುಚ್ಚಳ ಸಡಿಲವಾಗಿತ್ತು. ಸೀಸೆಯ ಕುತ್ತಿಗೆಯಲ್ಲಿದ್ದ ಬಿಳಿ ದಾರ ತೆಗೆದು, ಇದನ್ನು ಸುತ್ತು ಎಂದು ಸೊಸೆಯ ಕೈಗೆ ಕೊಟ್ಟರು.

ದಾರದ ಗಂಟು ಬೆರಳಕ್ಕನ ಹೆಬ್ಬೆರಳಿಗೆ ತಾಗಿತು. ಮೆತ್ತಗಾದ ಆ ಹೆಬ್ಬೆರಳು ಹದಿನೈದು ದಿನದಲ್ಲಿ ಮೊದಲ ಸಲ ನಿಜ ಹೇಳಿತು. ನೇಕಾರರು ಕಡಿದ ಎಳೆಗೆ ಹಾಕುವ ಗಂಟು ಒಬ್ಬೊಬ್ಬರದು ಒಂದೊಂದು ಥರ, ಕೈಬರಹದ ಹಾಗೆ; ಮುನ್ನೂರು ಜನರ ಗಂಟು ಅವಳಿಗೆ ಕಂಠಪಾಠ. ಈ ಗಂಟು ಎಡದಿಂದ ಬಲಕ್ಕೆ ತಿರುಗಿತ್ತು. ಗಿರಣಿಯಲ್ಲಿ ಎಡಗೈಯಿಂದ ಗಂಟು ಹಾಕುವವಳು ಒಬ್ಬಳೇ. ದಾರವಂತೂ ಮೂರನೇ ಮಗ್ಗದ್ದೇ, ಉಸಿರಿನಷ್ಟು ತೆಳು.

ಕೆಂಪು ದಾರ ಬಿದ್ದ ಮರುದಿನ ಬೆಳಿಗ್ಗೆ ಆ ಹುಡುಗಿ ಬಿಳಿ ದಾರ ಕಟ್ಟಿ ಮುಲಾಮು ತಂದಿಟ್ಟಿದ್ದಳು. ಅದಕ್ಕೆ ಪ್ರತಿಯಾಗಿ ತಾನು ಕೊಟ್ಟದ್ದು ವಿಚಾರಣೆ ಮತ್ತು ಎರಡನೇ ಕೆಂಪು ದಾರ. ಬೆರಳಕ್ಕ ಗಂಟನ್ನು ಬಹಳ ಹೊತ್ತು ಹಿಡಿದುಕೊಂಡಿದ್ದಳು. ಕೊನೆಗೆ ಗಂಡನಿಗೆ, ನಿಮ್ಮ ಹಳೇ ಬಿಳಿ ಕಾಲುಚೀಲ ಒಂದು ಜೊತೆ ತೆಗೆದಿಡಿ, ನಾಳೆ ಹಾಕಿಕೊಂಡು ಹೋಗಬೇಕು ಎಂದಳು. ಅವನು, ನಿನ್ನ ಕಾಲಿಗೆ ದೊಡ್ಡದಾಗುತ್ತೆ ಎಂದ.

ಮರುದಿನ ಬೆಳಿಗ್ಗೆ ಬೆರಳಕ್ಕ ಎರಡು ಕೈಗೂ ಕಾಲುಚೀಲ ಏರಿಸಿಕೊಂಡು ಗಿರಣಿಯ ಬಾಗಿಲಲ್ಲಿ ಕಾಣಿಸಿಕೊಂಡಾಗ ಮುನ್ನೂರು ಮಗ್ಗಗಳು ತಾವಾಗಿ ನಿಂತವು ಎಂದು ಈಗಲೂ ಹೇಳುತ್ತಾರೆ. ನಿಜಕ್ಕೂ ಅಲ್ಲಿದ್ದ ಮಗ್ಗ ನಲವತ್ತೇ, ಆದರೆ ನಿಂತದ್ದು ಹೌದು. ಏಳನೇ ಮಗ್ಗದವನು, ಸೀನಿನ ಕಾಲದ ಬಾಕಿ ತೀರಿಸಲು ಕಾದಿದ್ದವನು, “ಏನಕ್ಕಾ, ಇವತ್ತು ಕೈಯಲ್ಲೇ ನಡ್ಕೊಂಡು ಬಂದ್ಯಾ?” ಎಂದು ಕೇಳಿದ. ಬೇರೆ ದಿನವಾಗಿದ್ದರೆ ಅವನ ಏಳು ತಲೆಮಾರು ನಡುಗುವಂಥ ಉತ್ತರ ಬರುತ್ತಿತ್ತು. ಅವತ್ತು ಅವಳು, ಹೂಂ ಕಣೋ, ತಲೆಕೆಳಗಾಗಿದ್ದೆ, ಈಗ ಸರಿಯಾದೆ ಎಂದಷ್ಟೇ ಹೇಳಿ ಒಳಗೆ ಹೋದಳು. ಅವನು ನಗುವುದನ್ನೇ ಮರೆತ.

ಮೂರನೇ ಸುರುಳಿ ಮೇಜಿನ ಮೇಲಿತ್ತು. ಅದರ ತುದಿ ಹಿಡಿದು ಹುಡುಗಿ ನಿಂತಿದ್ದಳು. ಮುಖ ಸುರುಳಿಗಿಂತ ಬೆಳ್ಳಗಿತ್ತು. ಪಕ್ಕದಲ್ಲಿ ಮೇಸ್ತ್ರಿ, ಕೈಯಲ್ಲಿ ನೂಲು ಕೋಣೆಗೆ ವರ್ಗ ಮಾಡುವ ಚೀಟಿ. ಕೆಲಸ ಬೇಗ ಆಗಲೆಂದು ಮೊದಲೇ ಬರೆದಿಟ್ಟುಕೊಂಡಿದ್ದ. ಬೆರಳಕ್ಕ ಹಿಂದಿನ ಎರಡು ಸುರುಳಿಗಳನ್ನೂ ತರಿಸಿ ಪಕ್ಕದಲ್ಲಿ ಬಿಚ್ಚಿಸಿದಳು. ಕಾಲುಚೀಲ ಕಳಚಿದಳು. ಕೈಯನ್ನು ಬಟ್ಟೆಗೆ ತಾಗಿಸದೆ, ಓರೆ ಗೆರೆಗಳ ಮೇಲೆ ಒಂದಿಂಚು ಎತ್ತರದಲ್ಲಿ ಹಿಡಿದಳು. ಮೂರು ಬೆರಳು, ಮೂರು ಗೆರೆ. ಅಳತೆ ತೆಗೆದು ಹೊಲಿದಂತೆ ಕೂತವು.

“ಈ ಬಟ್ಟೆ ಕಿತ್ತಿದ್ದು ಇವಳ ಮಗ್ಗ ಅಲ್ಲ, ನನ್ನ ಕೈ,” ಎಂದಳು. “ಎರಡು ಸಲವೂ. ಚಳಿಗೆ ಒಡೆದಿತ್ತು. ನೋಡ್ಕೊಳ್ಲಿಲ್ಲ.”

ಮೂರು ದಿನಕ್ಕಿಂತ ಕಡಿಮೆ ಯೋಚಿಸಿ ಯಾವುದನ್ನೂ ತೀರ್ಮಾನಿಸದ ಮೇಸ್ತ್ರಿ ಚೀಟಿಯನ್ನು ನೋಡಿದ, ಕೈಯನ್ನು ನೋಡಿದ, ಮೀಸೆ ಜಗಿದ. ಎರಡು ದಾರ ಬಿಚ್ಚಬಹುದು, ಆದರೆ ಇದು, ಈ ಮೂರನೇ ಸುರುಳಿ, ಇದನ್ನು ಯಾರು ನೋಡುವುದು ಎಂದು ಕೇಳಿದ. ನೇಯ್ದವಳೇ ತನ್ನ ಬಟ್ಟೆ ನೋಡುವಂತಿಲ್ಲ. ನೋಡಬೇಕಾದವಳ ಕೈ ನಂಬುವಂತಿಲ್ಲ.

ಬೆರಳಕ್ಕ ತೋಳು ಮಡಿಸಿ ಮಣಿಕಟ್ಟನ್ನು ಹೊರಳಿಸಿದಳು. ಮಗುವಿನ ಸ್ನಾನದ ನೀರಿನ ಬಿಸಿ ನೋಡುವ ಜಾಗ ಅದು. ಅಲ್ಲಿ ಬಿರುಕಿರಲಿಲ್ಲ, ಸಾಬೂನು ಅಲ್ಲಿಯವರೆಗೆ ಏರಿರಲಿಲ್ಲ. ಮೊದಲು ಅತ್ತೆಯ ವಸ್ತ್ರವನ್ನು ಚೀಲದಿಂದ ತೆಗೆದು ಮಣಿಕಟ್ಟಿನ ಒಳಭಾಗದಿಂದ ಸವರಿ ಮೇಸ್ತ್ರಿಗೆ ತೋರಿಸಿದಳು. ಹೊಸ ಎಳೆಯೊಂದೂ ಏಳಲಿಲ್ಲ. ಆಮೇಲೆ ಬೆರಳುಗಳನ್ನೆಲ್ಲ ಮುಷ್ಟಿಯೊಳಗೆ ಬಂಧಿಸಿ, ಕೈ ತಿರುಚಿಕೊಂಡು, ಏಡಿಯ ಹಾಗೆ ಪಕ್ಕಪಕ್ಕಕ್ಕೆ ನಡೆಯುತ್ತ, ಇಡೀ ಸುರುಳಿಯನ್ನು ಮಣಿಕಟ್ಟಿನಿಂದ ಓದಿದಳು. ಯಾವಾಗಲೂ ಕಾಲು ಗಂಟೆಯ ಕೆಲಸ, ಅವತ್ತು ಊಟದ ಹೊತ್ತಿನವರೆಗೆ ಹಿಡಿಯಿತು. ನಡುವೆ ಎರಡು ಸಲ ಸೊಂಟ ಹಿಡಿಯಿತು. ಕೊನೆಯ ಗೇಣು ಮುಗಿಸಿ ನೆಟ್ಟಗಾದಾಗ ಅವಳ ಹಣೆಯಲ್ಲಿ ಬೆವರಿತ್ತು. ಆ ಚಳಿಗಾಲದಲ್ಲಿ ಆ ಊರಲ್ಲಿ ಹುಟ್ಟಿದ ಒಂದೇ ಬೆವರ ಹನಿ.

“ಒಂದು ಎಳೆಯೂ ತಪ್ಪಿಲ್ಲ,” ಎಂದಳು.

ಮೇಸ್ತ್ರಿ ಚೀಟಿಯನ್ನು ನಾಲ್ಕಾಗಿ ಮಡಿಸಿ ಕಿವಿ ಕೆರೆದುಕೊಂಡ. ಹಳೆಯ ಎರಡು ಸುರುಳಿಗಳ ಕೆಂಪು ದಾರ ಬಿಚ್ಚಲು ಬೆರಳಕ್ಕ ಕೈ ಮುಂದೆ ತಂದು, ಬಿರುಕು ನೆನಪಾಗಿ ಹಿಂದೆ ತೆಗೆದುಕೊಂಡಳು. ಹುಡುಗಿ ತಾನೇ ಬಗ್ಗಿ ಎಡಗೈಯಿಂದ ಎರಡನ್ನೂ ಬಿಚ್ಚಿದಳು.

ಊಟದ ವಿರಾಮದಲ್ಲಿ ಬೆರಳಕ್ಕ ಡಬ್ಬಿಯನ್ನು ಅವಳ ಮುಂದಿಟ್ಟಳು. ಕೇಳಬೇಕಾದದ್ದನ್ನು ನೆಟ್ಟಗೆ ಕೇಳಿದಳು. “ನನ್ನ ಬೆರಳಿಗೆ ಎಳೆ ಸಿಕ್ಕಿದ್ದು ನೋಡಿದ್ದೆ ಅಲ್ವಾ. ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನಂಬ್ತಿದ್ರಾ ಅಕ್ಕಾ?”

ಬೆರಳಕ್ಕ ಪ್ರಾಮಾಣಿಕವಾಗಿ ಯೋಚಿಸಿದಳು. “ಇಲ್ಲ.”

“ಅದಕ್ಕೇ. ಕೈ ವಾಸಿಯಾದ್ರೆ ಅದೇ ನಿಮಗೆ ಹೇಳುತ್ತೆ ಅಂದ್ಕೊಂಡೆ.” ಹುಡುಗಿ ಡಬ್ಬಿಯ ಮುಚ್ಚಳ ತೆಗೆದು ನೋಡಿ ಹುಬ್ಬೇರಿಸಿದಳು. “ಅರ್ಧ ಖಾಲಿ ಮಾಡಿದ್ದೀರಲ್ಲ.”

ಅದು ನಮ್ಮವರ ಹಿಮ್ಮಡಿಗೆ ಹೋಯಿತು ಎಂದು ಬೆರಳಕ್ಕ ಒಪ್ಪಿಕೊಂಡಳು. ಹುಡುಗಿ ಮೊದಲ ಸಲ ನಕ್ಕಳು. ಕ್ಷಮಿಸು ಅನ್ನುವ ಮಾತನ್ನು ಬೆರಳಕ್ಕ ಇಪ್ಪತ್ತಾರು ವರ್ಷದಲ್ಲಿ ಬಳಸಿರಲಿಲ್ಲ. ತುಕ್ಕು ಹಿಡಿದ ಬೀಗದ ಹಾಗೆ ಅದು ಕಿರುಗುಟ್ಟಿ, ಅರ್ಧ ತೆರೆದು ನಿಂತಿತು. ಹುಡುಗಿ ಪೂರ್ತಿ ತೆರೆಯಲಿ ಎಂದು ಕಾಯಲಿಲ್ಲ. ಅಕ್ಕನ ಕೈ ಎಳೆದುಕೊಂಡು ಮುಲಾಮು ಸವರಲು ಶುರುಮಾಡಿದಳು.

ಆ ಮುಲಾಮು ಅವಳ ತಾಯಿ ಮಾಡುವಂಥದ್ದು. ನೂಲು ಸುತ್ತುವವರ ಬೆರಳು ಇಡೀ ದಿನ ಎಳೆಗೆ ಉಜ್ಜಿ ಸವೆಯುತ್ತದೆ. ಮೂವತ್ತು ಚಳಿಗಾಲ ಆ ಕೋಣೆಯ ಹೆಂಗಸರು ಬೆರಳು ಉಳಿಸಿಕೊಂಡದ್ದು ಎಣ್ಣೆಗೆ ಜೇನುಮೇಣ ಕರಗಿಸಿ ಮಾಡಿದ ಈ ಡಬ್ಬಿಯಿಂದಲೇ. ಹಚ್ಚಿಕೊಂಡು, ಅರ್ಧ ಗಂಟೆ ಹತ್ತಿಯ ಚೀಲದಲ್ಲಿ ಕೈ ಇಟ್ಟು, ಆಮೇಲೆ ಒಣಹಿಟ್ಟಿನಲ್ಲಿ ಒತ್ತಿ ಒರೆಸಿಕೊಂಡರೆ ರೇಷ್ಮೆಗೆ ಒಂದು ಚುಕ್ಕೆ ಜಿಡ್ಡೂ ಹತ್ತುವುದಿಲ್ಲ. ಗೋಡೆಯ ಆ ಕಡೆ ಇದ್ದ ಈ ವಿದ್ಯೆ ಈ ಕಡೆಗೆ ಬರಲು ಮೂವತ್ತು ವರ್ಷ ಬೇಕಾಯಿತು. ನೂಲು ಸುತ್ತುವವರನ್ನು ತಪಾಸಣೆ ಕೋಣೆಯವರು ಏನನ್ನೂ ಕೇಳುತ್ತಿರಲಿಲ್ಲ, ಅಷ್ಟೆ ಕಾರಣ.

ಅಂದಿನಿಂದ ಕೋಣೆಯ ಕಟ್ಟಳೆ ಬದಲಾಯಿತು. ತೊಟ್ಟಿಗೆ ಉಗುರುಬೆಚ್ಚಗಿನ ನೀರು, ಮೆತ್ತನೆಯ ಸಾಬೂನು, ಪಕ್ಕದಲ್ಲಿ ಡಬ್ಬಿ ಮತ್ತು ಹಿಟ್ಟಿನ ಬಟ್ಟಲು. ಮುಲಾಮು ಹಚ್ಚದೆ ಮನೆಗೆ ಹೋಗುವವರಿಗೆ ಬೆರಳಕ್ಕನ ಬೈಗುಳ. ಯಾವುದನ್ನು ಹಿಡಿದರೂ ಅತಿಯಾಗಿ ಹಿಡಿಯುವ ಹೆಂಗಸು. ಮೇಸ್ತ್ರಿಯ ಮೂಗಿನ ತುದಿಗೂ ಹಚ್ಚಿ ಕಳಿಸಿದಳು. ಬೆರಳಕ್ಕ ನೋಡಬೇಕಾದ ಸುರುಳಿಗಳನ್ನು ಮೂರು ವಾರ ಪಕ್ಕದ ಗಿರಣಿಯ ತಪಾಸಕಿ ಬಂದು ನೋಡಿಕೊಂಡಳು. ಮೂರು ವಾರವೂ ಊಟದ ವಿರಾಮದಲ್ಲಿ ಹುಡುಗಿ ಅಕ್ಕನ ಬೆರಳುಗಳಿಗೆ ಮುಲಾಮು ಸವರುವಳು, ಅಕ್ಕ ಪೂರ್ವಜನ್ಮದ ತಾಯಿಯ ಮುಂದೆ ಕೂತಂತೆ ಸುಮ್ಮನೆ ಕೂರುವಳು. ಮನೆಯಲ್ಲಿ ಸಂಜೆಯ ಸರದಿ ಅತ್ತೆಯದು. ಇಪ್ಪತ್ತನೇ ದಿನ ಬೆರಳಕ್ಕ ಅತ್ತೆಯ ಕೆನ್ನೆ ಮುಟ್ಟಿ ನೋಡಿದಳು. ಅತ್ತೆ ಕಣ್ಣು ಮುಚ್ಚಿ, ಬೆರಳ ತುದಿಯನ್ನು ಪರೀಕ್ಷಿಸಿ, ಪಾಸು ಎಂದರು. ಸೊಸೆ ಅವರ ಕಾಲಿಗೆ ಎರಗಲಿಲ್ಲ, ಅಂಥ ನಾಟಕ ಇಬ್ಬರಿಗೂ ಸೇರದು. ಇಪ್ಪತ್ತಾರು ವರ್ಷದ ಪಾಠಕ್ಕೆ ಬದಲಾಗಿ ಆ ವಸ್ತ್ರದ ಮೂರು ಎಳೆಗಳನ್ನು ಸೂಜಿಯ ತುದಿಯಿಂದ ಒಂದೊಂದಾಗಿ ಒಳಗೆ ಸೇರಿಸಿ ಕೊಟ್ಟಳು. ಎರಡು ದಿನ ಹಿಡಿಯಿತು.

ಮರಳಿ ಮೇಜಿಗೆ ಬಂದ ದಿನ ಮೊದಲ ಸುರುಳಿ ಮೂರನೇ ಮಗ್ಗದ್ದೇ ಆಗಿತ್ತು. ಹುಡುಗಿ ತುದಿ ಹಿಡಿದಳು. ಬೆರಳಕ್ಕ ಕಣ್ಣು ಮುಚ್ಚಿ ಅಂಗೈ ಇಟ್ಟಳು. ರೇಷ್ಮೆ ನೀರಿನ ಹಾಗೆ ಕೈಯಡಿ ಹರಿಯಿತು. ಎಲ್ಲೂ ಸಿಕ್ಕಲಿಲ್ಲ, ಎಲ್ಲೂ ಸದ್ದಿಲ್ಲ. ಹೋದ ಜೀವ ಬಂದಂತೆ ಹೋದ ಬೆರಳು ಬಂದಿತ್ತು. ಅರ್ಧ ದಾರಿಯಲ್ಲಿ ಅವಳ ಕೈ ನಿಂತಿತು.

ಒಂದು ಎಳೆ ತಪ್ಪಿತ್ತು. ಅಡ್ಡಕ್ಕೆ, ನೇರವಾಗಿ, ಗೆರೆ ಎಳೆದಂತೆ. ಮಗ್ಗದ್ದೇ ತಪ್ಪು, ಸಂಶಯವೇ ಇಲ್ಲ.

ಈ ಕೈ ಈ ಹುಡುಗಿ ಕೊಟ್ಟದ್ದು. ಇವಳು ಕೊಟ್ಟ ಕೈಯಿಂದಲೇ ಇವಳಿಗೆ ದಾರ ಕಟ್ಟುವುದೇ. ಕೈಯನ್ನು ಮುಂದೆ ಜಾರಿಸಿದರೆ ಮುಗಿಯಿತು, ಯಾರಿಗೆ ಗೊತ್ತಾಗುತ್ತದೆ. ಆ ಮಾತು ಎಲ್ಲೋ ಕೇಳಿದ್ದು ಎನಿಸಿ ಕೈ ಅಲ್ಲೇ ಕೂತಿತು.

“ಸಿಕ್ತಾ ಅಕ್ಕಾ?” ಹುಡುಗಿ ಕೇಳಿದಳು.

“ಸಿಕ್ತು.”

ಹುಡುಗಿ ಮೇಜು ಬಳಸಿ ಬಂದಳು. ಬೆರಳಕ್ಕ ಅವಳ ತೋರುಬೆರಳನ್ನು ಹಿಡಿದು ಆ ಗೆರೆಯ ಮೇಲೆ ಇಟ್ಟಳು. ಹುಡುಗಿ ಕಣ್ಣು ಮುಚ್ಚಿ, ಹಿಂದೆ ಮುಂದೆ ಸವರಿ, ಬಹಳ ಹೊತ್ತಿನ ಮೇಲೆ ತಲೆಯಾಡಿಸಿದಳು.

“ಹೌದು, ಇದು ನಂದೇ,” ಎಂದಳು, ಮೊಟ್ಟಮೊದಲ ಮಗುವನ್ನು ತೋರಿಸುವವಳ ದನಿಯಲ್ಲಿ. “ದಾರ ಕೊಡಿ, ನಾನೇ ಕಟ್ತೀನಿ.”

ಎಡಗೈಯಿಂದ ಕಟ್ಟಿದಳು. ಅಂಚಿನಲ್ಲಿ ಕುಳಿತ ಆ ಕೆಂಪು ಗಂಟನ್ನು ಬೆರಳಕ್ಕ ಅಭ್ಯಾಸಬಲದಿಂದ ಒಮ್ಮೆ ಹೆಬ್ಬೆರಳಲ್ಲಿ ಒತ್ತಿ ನೋಡಿದಳು. ಎಡದಿಂದ ಬಲಕ್ಕೆ, ಬಿಗಿಯಾಗಿ, ನುಣ್ಣಗೆ. ಅದರಲ್ಲಿ ಹುಡುಕಲು ಅವಳಿಗೆ ಏನೂ ಇರಲಿಲ್ಲ.